ಪದಚರ್ಚೆ: ‘ಪ್ಲಾಟ್ ಟ್ವಿಸ್ಟ್’, ‘ಮಾರಲ್ ಕಾಂಪ್ರೊಮೈಸ್’ – ಕನ್ನಡದಲ್ಲಿ? (ತುರ್ತು)

ಕಾರವಾರದಿಂದ:
ಗೆಳೆಯರೇ, ಶನಿವಾರ ಇಲ್ಲಿ ‘ಎಲ್.ಎ. ಕಾನ್ಫಿಡೆನ್ಶಿಯಲ್’ ತೋರಿಸುತ್ತಿದ್ದೇವೆ. 1997ರ ಪೊಲೀಸ್ ಸಿನಿಮಾ, ಕರ್ಟಿಸ್ ಹ್ಯಾನ್ಸನ್ ನಿರ್ದೇಶನ. ಕರಪತ್ರ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ‘ಕಥಾ ತಿರುವುಗಳು ಮತ್ತು ನೈತಿಕ ರಾಜಿಗಳು’ ಎಂದು ಬರೆದಿದ್ದೇನೆ. ನಾಲಿಗೆಗೆ ಹತ್ತುತ್ತಿಲ್ಲ. ಎರಡನೆಯದೇ ಜಾಸ್ತಿ ಕಾಡುತ್ತಿದೆ. ಬೇಗ ಹೇಳಿ.

ಕುಮಟಾದಿಂದ:
‘ತಿರುವು’ ಬೇಡ. ದೇವಿಮನೆ ಘಟ್ಟದ ತಿರುವು ದೂರದಿಂದಲೇ ಕಾಣುತ್ತದೆ, ಗಾಡಿ ನಿಧಾನ ಮಾಡುತ್ತೇವೆ. ಸಿನಿಮಾದ್ದು ಹಾಗಲ್ಲ. ಅದರಲ್ಲಿ ಎಕ್ಸ್‌ಲಿ ಎಂಬ ಪೊಲೀಸ್ ಅಧಿಕಾರಿ, ತನ್ನ ಅಪ್ಪನನ್ನು ಕೊಂದು ತಪ್ಪಿಸಿಕೊಂಡ ಅನಾಮಿಕನಿಗೆ ತಾನೇ ಒಂದು ಹೆಸರಿಟ್ಟಿರುತ್ತಾನೆ, ರೋಲೋ ಟೊಮಾಸಿ. ಅದನ್ನು ಅವನು ಹೇಳಿದ್ದು ಜೊತೆಯ ಪೊಲೀಸ್ ವಿನ್ಸೆನ್ಸ್‌ಗೆ ಮಾತ್ರ. ವಿನ್ಸೆನ್ಸ್ ಕೊಲೆಯಾದ ಮೇಲೆ ಅವರ ಮೇಲಧಿಕಾರಿ ಕ್ಯಾಪ್ಟನ್ ಡಡ್ಲಿ ಸ್ಮಿತ್ ಬಂದು, ಆ ಹೆಸರಿನವನು ಯಾರು ಗೊತ್ತಾ ಎಂದು ಕೇಳುತ್ತಾನೆ. ಅಷ್ಟೇ. ವಿನ್ಸೆನ್ಸ್‌ನನ್ನು ಕೊಂದವನು ಎದುರಿಗೇ ಇದ್ದಾನೆ ಎಂದು ಎಕ್ಸ್‌ಲಿಗೆ ಗೊತ್ತಾಗಿಬಿಡುತ್ತದೆ. ಮೇಲಿದ್ದದ್ದು ಕೆಳಗಾಯಿತಲ್ಲ, ಅದು ‘ಹೊರಳು’. ಅಚ್ಚಗನ್ನಡ ಪದ.

‘ನೈತಿಕ ರಾಜಿ’ ಅಂತೂ ಸಂಸ್ಕೃತದ ತಲೆಗೆ ಅರಬಿ ಮುಂಡ. ಇಂಥ ಬೆರಕೆ ಕನ್ನಡವಲ್ಲ. ‘ಒಳದನಿಯ ಒತ್ತೆ’ ಎನ್ನಿ.

ಶಿರಸಿಯಿಂದ:
‘ಹೊರಳು’ ನಡೆಯುವುದಿಲ್ಲ. ಕರಪತ್ರ ಓದುವವರು ಹಾಸಿಗೆಯಲ್ಲಿ ಹೊರಳುವುದು ಎಂದೇ ತಿಳಿಯುತ್ತಾರೆ. ‘ತಿರುವು’ ಜನರ ಬಾಯಲ್ಲಿ ನಿಂತಾಗಿದೆ, ಬಿಡಿ.

‘ಒತ್ತೆ’ಯೂ ತಪ್ಪು. (ಸಿನಿಮಾ ನೋಡದವರು ಮುಂದೆ ಓದಬೇಡಿ.) ಶುರುವಿನಲ್ಲೇ ಸ್ಮಿತ್ ಎಕ್ಸ್‌ಲಿಗೆ ಕೇಳುತ್ತಾನೆ: ತಪ್ಪು ಮಾಡಿದ್ದಾನೆ ಅಂತ ಗೊತ್ತಿರುವವನ ಹತ್ತಿರ ಸುಳ್ಳು ಪುರಾವೆ ಇಡ್ತೀಯಾ? ಹೊಡೆದು ಬಾಯಿ ಬಿಡಿಸ್ತೀಯಾ? ವಕೀಲರು ಬಿಡಿಸಿಬಿಡ್ತಾರೆ ಅಂತ ಬೆನ್ನಿಗೆ ಗುಂಡು ಹೊಡೀತೀಯಾ? ಮೂರಕ್ಕೂ ಇಲ್ಲ ಎನ್ನುತ್ತಾನೆ ಎಕ್ಸ್‌ಲಿ. ಕೊನೆಗೆ ಬೆನ್ನಿಗೆ ಗುಂಡು ಹೊಡೆಯುವವನು ಅವನೇ. ಬೀಳುವವನು ಸ್ಮಿತ್. ಆಮೇಲೆ ಇಲಾಖೆಯ ಮಾನ ಉಳಿಸಲು ಸ್ಮಿತ್‌ನನ್ನು ವೀರ ಎಂದು ಸಾರುತ್ತಾರೆ. ಎಕ್ಸ್‌ಲಿ ಅದಕ್ಕೆ ಒಪ್ಪಿ ಪದಕ ತಗೊಳ್ಳುತ್ತಾನೆ. ಒತ್ತೆ ಇಟ್ಟದ್ದನ್ನು ಬಿಡಿಸಿಕೊಳ್ಳಬಹುದು. ಇದನ್ನು ಯಾರು ಬಿಡಿಸಿಕೊಳ್ಳುತ್ತಾರೆ?

‘ಧರ್ಮಸಂಕಟ’ ಎಂದೂ ಯಾರೂ ಸೂಚಿಸಬೇಡಿ. ಎರಡು ದಾರಿಯ ನಡುವೆ ನಿಂತಾಗ ಇರುವುದು ಸಂಕಟ. ಒಂದು ದಾರಿ ಹಿಡಿದ ಮೇಲೆ ಉಳಿಯುವುದು ಬೇರೆ. ತಾಳಮದ್ದಳೆ ಕೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಶ್ವತ್ಥಾಮ ಸತ್ತ ಎಂದು ಗಟ್ಟಿಯಾಗಿ ಹೇಳಿ, ಆನೆ ಎಂಬುದನ್ನು ಮೆತ್ತಗೆ ಹೇಳಿದ ಮೇಲೇ ಧರ್ಮರಾಯನ ರಥ ನೆಲಕ್ಕಿಳಿದದ್ದು. ಆ ಇಳಿಯುವಿಕೆಗೆ ಪದ ಬೇಕು. ‘ರಾಜಿ’ಯೇ ಹತ್ತಿರದ್ದು.

ಕಾರವಾರದಿಂದ:
‘ನೈತಿಕ’ ತೆಗೆದೆ. ‘ಕತೆಯ ತಿರುವುಗಳು, ಪೊಲೀಸರು ತಮ್ಮೊಡನೆ ತಾವೇ ಮಾಡಿಕೊಳ್ಳುವ ರಾಜಿ’ ಎಂದು ಕಳಿಸಿದೆ. ಎಲ್ಲರಿಗೂ ಧನ್ಯವಾದ.

ಕುಮಟಾದಿಂದ:
ಅವಸರದಲ್ಲಿ ಕೆಡಿಸಿದಿರಿ. ರಾಜಿ ಕೋರ್ಟಿನ ಪದ, ಎರಡು ಪಕ್ಷ ಬೇಕು. ಇಲ್ಲಿ ಎದುರು ಪಕ್ಷ ಯಾರು? ಹೊರಗಿನ ಪದ ತಂದರೆ ಹೀಗೇ, ಅರ್ಥ ಅರ್ಧ ದಾರಿಯಲ್ಲೇ ಉಳಿಯುತ್ತದೆ.

ಅಂಕೋಲಾದಿಂದ:
ಎದುರು ಪಕ್ಷ ಅವನ ಮನಸ್ಸೇ. ಇದರಲ್ಲಿ ತೊಡಕೇನಿದೆ? ಬೆರಕೆ ಕನ್ನಡವಲ್ಲ ಅಂದಿರಿ. ‘ಪಂಚನಾಮೆ’ ನೋಡಿ. ‘ಪಂಚ’ ಸಂಸ್ಕೃತ, ‘ನಾಮೆ’ ಫಾರಸಿ. ನಮ್ಮ ಠಾಣೆಗಳಲ್ಲಿ ಅದಿಲ್ಲದೆ ಒಂದು ಕೇಸೂ ನಡೆಯುವುದಿಲ್ಲ. ಈ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಫಿರ್ಯಾದಿ, ದಸ್ತಗಿರಿ, ಖೂನಿ, ಪುರಾವೆ – ಇವೆಲ್ಲ ನಮ್ಮಜ್ಜನ ಬಾಯಲ್ಲೂ ಇದ್ದವು. ಪೊಲೀಸ್ ಸಿನಿಮಾದ ಬಗ್ಗೆ ಬರೆಯುವಾಗ ಇವನ್ನು ಬಿಟ್ಟು ಹೊಸದನ್ನು ಕಟ್ಟುವುದು ಸುಮ್ನೆ ಹಟ.

ಕುಮಟಾದಿಂದ:
ಪುರಾವೆ ಮರಾಠಿಯಿಂದ ಬಂದದ್ದು. ‘ಸಾಕ್ಷಿ’ ಇರುವಾಗ ಅದು ಬೇಕಿರಲೇ ಇಲ್ಲ.

ಅಂಕೋಲಾದಿಂದ:
‘ಸಾಕ್ಷಿ’ಯೂ ಅಚ್ಚಗನ್ನಡವಲ್ಲ, ಸಂಸ್ಕೃತ. ಅಲ್ಲದೆ ನಮ್ಮ ಕಡೆ ಸಾಕ್ಷಿ ಅಂದರೆ ಹೇಳುವ ಮನುಷ್ಯ, ಪುರಾವೆ ಅಂದರೆ ತೋರಿಸುವ ವಸ್ತು. ಸ್ಮಿತ್ ಇಡ್ತೀಯಾ ಅಂತ ಕೇಳಿದ್ದು ವಸ್ತುವನ್ನು.