ಕಾಲುದಾರಿಯಲ್ಲಿ ಕೂಗು ಹತ್ತಾರು, ಕಣ್ಣಿಗೆ ಸಿಗುವುದು ಐದಾರು

ಪ್ರಶ್ನೆ: ನಾನು ಹಕ್ಕಿ ನೋಡೋಕೆ ಹೋಗೋ ದಾರಿ ಒಂದೇ ಕಿಲೋಮೀಟರು. ಬೆಳಗ್ಗೆ ಎಂಟೂವರೆಗೆ ಹೊರಟು ಅರ್ಧ ಗಂಟೆಯಲ್ಲಿ ಮುಗಿಯುತ್ತೆ. ವಸಂತ ಅಂತ ಎಲ್ಲ ಕಡೆಯಿಂದಲೂ ಕೂಗು, ಆದರೆ 10×50 ಬೈನಾಕ್ಯುಲರ್ (ಹತ್ತು ಪಟ್ಟು ಹಿಗ್ಗಿಸುತ್ತೆ, ಮುಂದಿನ ಮಸೂರದ ಅಗಲ 50 ಮಿ.ಮೀ.) ಎತ್ತುವಷ್ಟರಲ್ಲಿ ಹಕ್ಕಿ ಮಾಯ. 8×42ಕ್ಕೆ ಬದಲಿಸಲೇ? ಕೂಗು ಕೇಳಿ ಹಕ್ಕಿಯ ಹೆಸರು ಹೇಳೋ ಮರ್ಲಿನ್ ಆ್ಯಪ್ ನಂಬಬಹುದೇ?

ಉತ್ತರ 1: ಮೊದಲು ಹೊರಡೋ ಹೊತ್ತು ಬದಲಿಸಿ ಸರ್. ಹಾಡು ಜೋರಾಗಿರೋದು ಸೂರ್ಯೋದಯದ ಆಸುಪಾಸಿನಲ್ಲಿ. ಬಿಸಿಲೇರಿದ ಹಾಗೆ ಇಳಿಯುತ್ತೆ. ಒಂದು ಕಿಲೋಮೀಟರಿಗೆ ಒಂದೂವರೆ ಗಂಟೆಯಾದರೂ ಕೊಡಿ. ನೀರಿನ ಗುಂಡಿ, ಹೂಬಿಟ್ಟ ಮರ, ಪೊದೆ ಮುಗಿದು ಬಯಲು ಶುರುವಾಗೋ ಅಂಚು, ಇಂಥ ಕಡೆ ಹತ್ತು ನಿಮಿಷ ಸುಮ್ಮನೆ ನಿಂತುಬಿಡಿ. ಹೆಜ್ಜೆ ಸಪ್ಪಳಕ್ಕೆ ಅಡಗಿದ್ದವು ಸ್ವಲ್ಪ ಹೊತ್ತಿಗೆ ತಾವೇ ಹೊರಬರುತ್ತವೆ. ಸೂರ್ಯ ಬೆನ್ನಿಗಿರಲಿ. ಎದುರಿದ್ದರೆ ಯಾವ ಹಕ್ಕಿಯೂ ಬರೀ ಕಪ್ಪು ಆಕಾರ.

ಉತ್ತರ 2: 10×50ರಲ್ಲಿ ನೋಟದ ಹರವು ಸಾಮಾನ್ಯವಾಗಿ ಕಿರಿದು, ಭಾರ ಜಾಸ್ತಿ, ಕೈನಡುಕವೂ ಹೆಚ್ಚು ಕಾಣುತ್ತೆ. ಎಲೆಗಳ ನಡುವೆ ಜಿಗಿಯೋ ಉಲಿಯಕ್ಕಿಗಳಿಗೆ 8×42 ಸಲೀಸು. ಬೆಳಕಿನಲ್ಲೂ ನಷ್ಟವಿಲ್ಲ: ಕಣ್ಣಿಗೆ ಬರೋ ಬೆಳಕಿನ ವೃತ್ತದ ಅಗಲ 42ನ್ನು 8ರಿಂದ ಭಾಗಿಸಿದರೆ 5.25 ಮಿ.ಮೀ., ನಿಮ್ಮದು 5.

ಆದರೆ ಹಕ್ಕಿ ತಪ್ಪಿಹೋಗೋದು ಬಹುಪಾಲು ಅಭ್ಯಾಸದ ದೋಷದಿಂದ. ಕಣ್ಣು ಹಕ್ಕಿಯ ಮೇಲೇ ನೆಟ್ಟಿರಲಿ, ತಲೆ ಅಲುಗಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಕೆಳಗೆ ನೋಡಿದಿರೋ, ಕೊಂಬೆ ಕಳೆದುಹೋಯಿತು. ಡಯಾಪ್ಟರನ್ನೂ (ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸ ಹೊಂದಿಸೋ ಉಂಗುರ) ಒಮ್ಮೆ ಸರಿಮಾಡಿಕೊಳ್ಳಿ: ಬಲಗಣ್ಣಿನ ಕಡೆ ಮುಚ್ಚಿ, ದೂರದ ಬರಹವೊಂದನ್ನು ನಡುವಿನ ಚಕ್ರದಿಂದ ಸ್ಪಷ್ಟಮಾಡಿ, ಆಮೇಲೆ ಎಡಗಡೆ ಮುಚ್ಚಿ, ಚಕ್ರ ಮುಟ್ಟದೆ ಬಲಗಣ್ಣಿನ ಉಂಗುರ ತಿರುಗಿಸಿ. (ಕೆಲವು ಮಾದರಿಗಳಲ್ಲಿ ಉಂಗುರ ಬೇರೆಡೆ ಇರುತ್ತೆ.)

ಉತ್ತರ 3: ಮರ್ಲಿನ್ ಹೇಳಿದ್ದು ಸುಳಿವು ಅಷ್ಟೇ, ಕಣ್ಣಿಗೆ ಬೀಳದೆ ನೋಡಿದ ಹಕ್ಕಿಗಳ ಪಟ್ಟಿಗೆ ಸೇರಿಸಬೇಡಿ. ಭೀಮರಾಜ ಇತರ ಹಕ್ಕಿಗಳ ಕೂಗನ್ನು ಅಣಕಿಸುತ್ತೆ, ಆ್ಯಪ್ ಮೋಸಹೋಗಬಹುದು. ಇನ್ನು, ಮೊಬೈಲಿನಲ್ಲಿ ಕೂಗು ನುಡಿಸಿ ಕರೆಯೋದು ಗೂಡು ಕಟ್ಟೋ ಈ ಋತುವಿನಲ್ಲಿ ಬೇಡವೇ ಬೇಡ. ಎದುರಾಳಿ ಬಂದ ಅಂತ ಗಂಡು ಮೇವು ಬಿಟ್ಟು ಕಾದಾಟಕ್ಕೆ ಬರುತ್ತೆ. ಕೊಕ್ಕಲ್ಲಿ ಹುಳ ಹಿಡಿದ ಹಕ್ಕಿ ಒಳಗೆ ಹೋಗದೆ ಅಲ್ಲೇ ಚಡಪಡಿಸುತ್ತಿದ್ದರೆ ಗೂಡು ಹತ್ತಿರದಲ್ಲೇ ಇದೆ, ತಕ್ಷಣ ಹಿಂದೆ ಸರಿಯಿರಿ.

ಪ್ರಶ್ನೆ ಕೇಳಿದವರು: ಕನ್ನಡಕ ಹಾಕಿಕೊಂಡು ನೋಡಿದರೆ ಸುತ್ತ ಕಪ್ಪು ಅಂಚು. ಅದೂ ಅಭ್ಯಾಸದ ದೋಷವೇ?

ಉತ್ತರ 2: ಅಲ್ಲ, ಐಕಪ್ (ಕಣ್ಣಿಗೆ ತಾಗೋ ರಬ್ಬರ್ ಬಟ್ಟಲು) ಮೇಲೆದ್ದಿದೆ. ತಿರುಗಿಸಿ ಪೂರ್ತಿ ಕೆಳಗಿಳಿಸಿ. ಆಗಲೂ ಅಂಚು ಉಳಿದರೆ ಬೈನಾಕ್ಯುಲರಿನ ಐ ರಿಲೀಫ್ ಕಡಿಮೆ, ಅಂದರೆ ಪೂರ್ತಿ ನೋಟ ಸಿಗೋಕೆ ಕಣ್ಣು ಗಾಜಿನಿಂದ ಇರಬಹುದಾದ ದೂರ ಕಡಿಮೆ. ಕೊಳ್ಳುವಾಗ 16 ಮಿ.ಮೀ. ಅಥವಾ ಹೆಚ್ಚಿರೋದನ್ನು ನೋಡಿ.