ಶ್ರೀರಂಗಪಟ್ಟಣದಲ್ಲಿರೋ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಒಳಗೆ ಶೂಟಿಂಗ್‌ಗೆ ಬಿಡ್ತಾರಾ?

ಕಿರುಚಿತ್ರದವನು:
1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ದರಿಯಾ ದೌಲತ್‌ನಲ್ಲೇ ಬಿಡಾರ ಹೂಡಿದ್ದನಲ್ಲ, ಆ ದಿನಗಳ ಕಥೆ. ಗುಮಾಸ್ತನೊಬ್ಬ ತೇಗದ ಕಂಬದ ಪಕ್ಕ ಕೂತು ಪತ್ರ ಬರೀತಾನೆ, ಹಿಂದೆ ಗೋಡೆ ತುಂಬ ಪೊಲ್ಲಿಲೂರು ಯುದ್ಧದ ಚಿತ್ರ, 1780ರಲ್ಲಿ ಹೈದರ್, ಟಿಪ್ಪು ಬ್ರಿಟಿಷರನ್ನ ಸೋಲಿಸಿದ್ದು. ಒಂದೇ ದಿನದ ಕೆಲಸ, ಸಣ್ಣ ಯೂನಿಟ್. ಎಷ್ಟಾಗತ್ತೆ?

ಲೊಕೇಶನ್ ಮ್ಯಾನೇಜರ್:
ಕಥಾಚಿತ್ರಕ್ಕೆ ಒಳಗಡೆ ಅನ್ನೋ ಆಸೆ ಬಿಟ್ಬಿಡಿ ಸರ್. ಅದು ಕೇಂದ್ರ ಪುರಾತತ್ತ್ವ ಇಲಾಖೆಯ ಸ್ಮಾರಕ. ಪ್ರಾಚೀನ ಸ್ಮಾರಕಗಳ 1959ರ ನಿಯಮಗಳ ಪ್ರಕಾರ ‘ಒಳಭಾಗ’ ಅಂದ್ರೆ ಬರೀ ಕೋಣೆ ಅಲ್ಲ, ಮೇಲೆ ಸೂರು ಇರೋ ಜಾಗವೆಲ್ಲ. ನಿಮ್ಮ ಯುದ್ಧದ ಚಿತ್ರ ಇರೋದು ಪಡುವಣ ಗೋಡೆ ಮೇಲೆ, ಜಗಲಿಯ ಸೂರಿನ ಕೆಳಗೆ. ಅಲ್ಲಿಗೆ ಶಾಟ್ ಹೋಯ್ತು!

ತೋಟದಿಂದ ಲಾಂಗ್ ಶಾಟ್ ಬೇಕಿದ್ರೆ ಲೈಸೆನ್ಸ್ ಸಿಗತ್ತೆ. ದಿನಕ್ಕೆ 50,000 ರೂಪಾಯಿ, ಜೊತೆಗೆ ವಾಪಸ್ ಬರೋ ಠೇವಣಿ 10,000. ಜನರೇಟರ್ ದೂರ ನಿಲ್ಲಿಸ್ಬೇಕು, ಕಟ್ಟಡಕ್ಕೆ ನೀರು ಎಣ್ಣೆ ಏನೂ ಸೋಕಿಸೋ ಹಾಗಿಲ್ಲ, ನೋಡೋಕೆ ಬಂದ ಜನರನ್ನ ತಡೆಯೋ ಹಾಗೂ ಇಲ್ಲ. ಹಿಂದೆ ಸ್ಕೂಲ್ ಮಕ್ಕಳ ಸಾಲು ಓಡಾಡ್ತಿದ್ರೆ ನಿಮ್ಮ 1799 ಏನಾಗತ್ತೆ ಯೋಚಿಸಿ. ಬಿಸಿಲು ತಡೆಯೋಕೆ ಇಳಿಬಿಟ್ಟ ಹಸಿರು ಪರದೆಗಳೂ ಫ್ರೇಮಿಗೆ ಬರ್ತವೆ, ‘ಸ್ವಲ್ಪ ಎತ್ತಿ’ ಅಂತ ಕೇಳೋಕೆ ಹೋಗ್ಬೇಡಿ.

ಆರ್ಟ್ ಡಿಪಾರ್ಟ್‌ಮೆಂಟ್:
ಮೇಲಿನವರು ಹೇಳಿದ್ದು ಸರಿ. ಷೆಡ್ಡಲ್ಲಿ ನಾಲ್ಕು ಪ್ಲೈವುಡ್ ಕಂಬ, ಒಂದು ಗೋಡೆ ಎಬ್ಬಿಸಿ. ಯುದ್ಧ ಪೂರ್ತಿ ಬರೆಸ್ಬೇಡಿ. ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ದಂಡಿನ ಕರ್ನಲ್ ಬೈಲಿ, ಸಿಡಿಯೋ ಮದ್ದಿನ ಬಂಡಿ, ಇಷ್ಟೇ ಸಾಕು. ಇನ್ನೊಂದು ಮಾತು: ಈಗ ಕಾಣೋ ಬಣ್ಣವನ್ನೇ ಕಾಪಿ ಹೊಡೀಬೇಡಿ. ಕಟ್ಟಡ 1784ರದ್ದಾದ್ರೂ ಚಿತ್ರಗಳನ್ನ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ (1848–56) ಮತ್ತೆ ಬರೆಸಿದಾರೆ.

ಕಿರುಚಿತ್ರದವನು:
ಸೆಟ್ಟೇ ಗತಿ ಅನ್ಸತ್ತೆ. ಹೊಳೆ ಕಾಣೋ ಒಂದು ಶಾಟ್‌ಗೆ ಅಲ್ಲೇ ಇರೋ ವೆಲ್ಲೆಸ್ಲಿ ಸೇತುವೆ ನಡೆಯತ್ತಾ? ಹೆಸರೂ ಹೊಂದತ್ತೆ.

ಲೊಕೇಶನ್ ಮ್ಯಾನೇಜರ್:
ಹೆಸರು ಹೊಂದತ್ತೆ, ಇಸವಿ ಹೊಂದಲ್ಲ. ಮೈಸೂರಿನ ದಿವಾನ್ ಪೂರ್ಣಯ್ಯನವರು ಅದನ್ನ ಕಟ್ಟಿಸಿದ್ದು 1804ರಲ್ಲಿ. ಸೇತುವೆಗೆ ಬೆನ್ನು ಹಾಕಿ ಕ್ಯಾಮೆರಾ ಇಡಿ, ಬರೀ ಕಾವೇರಿ ತಗೊಳ್ಳಿ. ಬೆಳಿಗ್ಗೆ ಏಳರೊಳಗೆ ಮುಗಿಸಿ, ಆಮೇಲೆ ಬಟ್ಟೆ ಒಗೆಯೋರು ಬರ್ತಾರೆ.