ಪದಚರ್ಚೆ: ‘ಹೋಮ್ ರನ್’ ಎಂದರೆ ಸಿಕ್ಸರೇ?

ಪ್ರಶ್ನೆ: ‘2022ರಲ್ಲಿ ಆರನ್ ಜಡ್ಜ್ 62 ಸಿಕ್ಸರ್ ಸಿಡಿಸಿ ಅಮೆರಿಕದ ದಾಖಲೆ ಮುರಿದರು, ಋತುವಿನ ಮೊತ್ತ 62.’ ಬೇಸ್‌ಬಾಲ್ ವರದಿಯೊಂದರ ಅನುವಾದ ಹೀಗಿದೆ. ಇಲ್ಲಿ ‘ಸಿಕ್ಸರ್’, ‘ಮೊತ್ತ’ ಸರಿಯೇ?

ಉತ್ತರ: ಎರಡೂ ಸರಿಯಲ್ಲ. ನೀವು ಕೇಳದೆ ಬಿಟ್ಟ ಇನ್ನೊಂದು ತಪ್ಪೂ ಇದೆ, ಎಲ್ಲಕ್ಕಿಂತ ದೊಡ್ಡದು ಅದೇ.

ಸಿಕ್ಸರ್‌ನಲ್ಲಿ ಚೆಂಡು ಗೆರೆಯಾಚೆ ಬಿತ್ತೆಂದರೆ ಮುಗಿಯಿತು, ಬ್ಯಾಟರ್ ನಿಂತಲ್ಲೇ ನಿಂತಿರಬಹುದು. ಹೋಮ್ ರನ್‌ನಲ್ಲಿ ಹಾಗಲ್ಲ. ಚೆಂಡು ಬೇಲಿ ದಾಟಿದರೂ ಹೊಡೆದವರು ಮೂರೂ ಬೇಸ್ (ಓಡುವವರು ಮುಟ್ಟಬೇಕಾದ ಠಾಣೆಗಳು) ಮುಟ್ಟಿಕೊಂಡು, ಹೊರಟ ಹೋಮ್ ಪ್ಲೇಟಿಗೇ ಮರಳಬೇಕು. ಚೆಂಡು ಮೈದಾನದೊಳಗೇ ಉಳಿದು, ಫೀಲ್ಡರ್‌ಗಳು ತಪ್ಪೆಸಗದೆ ಸುತ್ತು ಪೂರ್ತಿಯಾದರೆ ಅದೂ ಹೋಮ್ ರನ್ನೇ. ನೆಲಕ್ಕೆ ಬಿದ್ದು ಪುಟಿದು ಬೇಲಿ ಹಾರಿದರೆ ಈಗಿನ ನಿಯಮದಲ್ಲಿ ಎರಡೇ ಬೇಸ್.

1931ರಲ್ಲಿ ವಾಷಿಂಗ್ಟನ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಲೂ ಗೆಹ್ರಿಗ್ ಹೊಡೆದ ಚೆಂಡು ಗ್ಯಾಲರಿಗೆ ಬಡಿದು ಮೈದಾನಕ್ಕೆ ವಾಪಸು ಪುಟಿಯಿತು. ಮುಂದೆ ಓಡುತ್ತಿದ್ದ ಲಿನ್ ಲಾರಿ ಕ್ಯಾಚ್ ಆಯಿತೆಂದುಕೊಂಡು, ಮೂರನೇ ಬೇಸ್ ಆದಮೇಲೆ ದಾರಿ ಬಿಟ್ಟು ಹೊರನಡೆದರು. ಲಾರಿಯನ್ನು ದಾಟಿ ಮುಂದೆ ಹೋದದ್ದರಿಂದ ಗೆಹ್ರಿಗ್ ಔಟ್. ಲೆಕ್ಕಕ್ಕೆ ಸೇರಿದ್ದು ಮೂರು ಬೇಸಿನ ಹೊಡೆತ ಮಾತ್ರ. ಆ ವರ್ಷ ಗೆಹ್ರಿಗ್, ಅದೇ ತಂಡದ ಬೇಬ್ ರೂತ್ ಇಬ್ಬರೂ 46 ಹೋಮ್ ರನ್‌ಗೆ ಸಮನಾಗಿ ನಿಂತರು; ಆ ಹೊಡೆತ ಎಣಿಕೆಗೆ ಸೇರಿದ್ದರೆ ಗೆಹ್ರಿಗ್ ಒಬ್ಬರೇ ಮುಂದಿರುತ್ತಿದ್ದರು. ಸಿಕ್ಸರ್‌ಗೆ ಇಂಥ ಗತಿ ಬರುವುದುಂಟೇ?

ನಮ್ಮ ಚೌಕಾಬಾರದ ಕಾಯಿ ಹಣ್ಣಾಗುವುದೇ ಇದಕ್ಕೆ ಹೆಚ್ಚು ಹತ್ತಿರ. ಅಲ್ಲಿ ನಡುಮನೆ ಸೇರಬೇಕು, ಇಲ್ಲಿ ಹೊರಟ ಮನೆಗೇ ಬರಬೇಕು. ಹಾಗೆಂದು ‘ಮನೆಯೋಟ’ ಎಂದು ಬರೆಯಬೇಡಿ, ಮನೆ ಬಿಟ್ಟು ಓಡಿಹೋದಂತೆ ಕೇಳುತ್ತದೆ. ‘ಹೋಮ್ ರನ್’ ಎಂದೇ ಇರಲಿ.

‘ಮೊತ್ತ’ ಎಂದೊಡನೆ ಕ್ರಿಕೆಟ್ ಓದುಗರಿಗೆ ರನ್ ನೆನಪಾಗುತ್ತದೆ. ಒಂದು ಹೋಮ್ ರನ್‌ನಿಂದ, ಬೇಸ್‌ಗಳಲ್ಲಿ ಎಷ್ಟು ಜನ ಇದ್ದಾರೆ ಎಂಬುದರ ಮೇಲೆ, ಒಂದರಿಂದ ನಾಲ್ಕು ರನ್ ಬರುತ್ತವೆ. 2022ರಲ್ಲಿ ಜಡ್ಜ್ ಹೊಡೆದ ಹೋಮ್ ರನ್ 62, ಸ್ವತಃ ಓಡಿ ಮುಗಿಸಿದ ರನ್ 133, ಅವರ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್ 131. ಇವುಗಳಲ್ಲಿ ‘ಮೊತ್ತ’ ಯಾವುದು? ಹೋಮ್ ರನ್‌ಗೆ ‘ಸಂಖ್ಯೆ’ ಸಾಕು.

‘ಋತು’ ಕ್ರೀಡಾಪುಟದಲ್ಲಿ ಬಳಕೆಯಲ್ಲಿರುವ ಪದ, ಅಡ್ಡಿಯಿಲ್ಲ. (‘ಹಂಗಾಮು’ ಕಬ್ಬು ಅರೆಯುವುದಕ್ಕಿರಲಿ.) ಆದರೆ ಪ್ಲೇಆಫ್‌ನ ಹೋಮ್ ರನ್‌ಗಳು ಈ ಎಣಿಕೆಗೆ ಸೇರುವುದಿಲ್ಲ, ಆದ್ದರಿಂದ ‘ಲೀಗ್ ಹಂತ’ ಎನ್ನುವುದು ಇನ್ನೂ ನಿಖರ. ಹಳೆಯ ಅಂಕಿಗಳ ಜತೆ ಪಂದ್ಯಗಳ ಸಂಖ್ಯೆಯನ್ನೂ ಕೊಡಿ: 1927ರಲ್ಲಿ ರೂತ್ 60 ಹೊಡೆದದ್ದು 154 ಪಂದ್ಯಗಳ ವೇಳಾಪಟ್ಟಿಯಲ್ಲಿ, 1961ರಲ್ಲಿ ರೋಜರ್ ಮಾರಿಸ್ 61 ಹೊಡೆದದ್ದು 162ರಲ್ಲಿ. ಆಗ ಬೇಸ್‌ಬಾಲ್ ಕಮಿಷನರ್ (ಆಡಳಿತದ ಮುಖ್ಯಸ್ಥ) ಆಗಿದ್ದ ಫೋರ್ಡ್ ಫ್ರಿಕ್ ಇವೆರಡನ್ನೂ ಬೇರೆಬೇರೆಯಾಗಿ ನಮೂದಿಸಬೇಕೆಂದರು. ಆ ಭೇದ ತೊಲಗಿದ್ದು 1991ರಲ್ಲಿ.

ಇನ್ನು ಆ ದೊಡ್ಡ ತಪ್ಪು. ‘ಅಮೆರಿಕನ್ ಲೀಗ್’, ‘ನ್ಯಾಷನಲ್ ಲೀಗ್’ ಎಂಬುವು ಉತ್ತರ ಅಮೆರಿಕದ ಅಗ್ರ ವೃತ್ತಿಪರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನ ಎರಡು ಪಾಲುಗಳ ಹೆಸರು. ಅವುಗಳ ದಾಖಲೆಯನ್ನು ‘ಅಮೆರಿಕದ ದಾಖಲೆ’, ‘ರಾಷ್ಟ್ರೀಯ ದಾಖಲೆ’ ಎಂದರೆ ಅರ್ಥವೇ ಕೆಡುತ್ತದೆ. ಇಡೀ ಮೇಜರ್ ಲೀಗ್‌ನ ಒಂದೇ ಋತುವಿನ ದಾಖಲೆ 2001ರಲ್ಲಿ ಬ್ಯಾರಿ ಬಾಂಡ್ಸ್ ಹೊಡೆದ 73. ‘ವಿಶ್ವದಾಖಲೆ’ಯೂ ಬೇಡ: ಬಾಂಡ್ಸ್ ವೃತ್ತಿಜೀವನದ 762 ಮೇಜರ್ ಲೀಗ್‌ನದು, ಸದಾಹರು ಓ ಅವರ 868 ಜಪಾನಿನ ವೃತ್ತಿಪರ ಲೀಗ್‌ನದು.

ತಿದ್ದಿದ ವಾಕ್ಯ: ‘2022ರ ಲೀಗ್ ಹಂತದಲ್ಲಿ ಜಡ್ಜ್ 62 ಹೋಮ್ ರನ್ ಹೊಡೆದು, 1961ರಿಂದ ಮಾರಿಸ್ ಹೆಸರಿನಲ್ಲಿದ್ದ 61ರ ಅಮೆರಿಕನ್ ಲೀಗ್ ದಾಖಲೆ ಮುರಿದರು.’